ಹಸಿ ಆರುವ ಮುನ್ನ

ಎಡಗಾಲಿಗೆ ಕಾಲುಚೀಲ ಏರುತ್ತಿರಲಿಲ್ಲ. ಹಿಮ್ಮಡಿಯವರೆಗೆ ಎಳೆದಳು, ಅಲ್ಲಿ ಸಿಕ್ಕಿಕೊಂಡಿತು. ಬೆರಳು ತೂರಿಸಿ ಬಾಯಿ ಅಗಲಿಸಿ ಮತ್ತೆ ಎಳೆದಳು. ಬದುಕಿದ್ದಾಗ ಹೆಂಡತಿಯ ಒಂದು ಮಾತಿಗೂ ಬಗ್ಗದ ಗಂಡಸು ಸತ್ತ ಮೇಲೆ ಕಾಲು ಬಗ್ಗಿಸುತ್ತಾನೆಯೇ?

"ಬಿಡೇ ತಂಗಿ, ಹರಿದುಹೋಗುತ್ತೆ," ಅಂದಳು ಇಸ್ತ್ರಿ ಅಕ್ಕ. ಪಕ್ಕದ ಮನೆಯವಳು. ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ಬದುಕುವವಳು. ಸತ್ತವನ ಅಂಗಿಯನ್ನೂ ಬೆಳಿಗ್ಗೆ ಗೆರೆ ಕೂರುವಂತೆ ತಿಕ್ಕಿ ತಂದಿದ್ದಳು. "ಮೇಲೆ ದುಪ್ಪಟಿ ಹೊದಿಸ್ತೀವಲ್ಲ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲಕ್ಕಾ."

ಇಸ್ತ್ರಿ ಅಕ್ಕ ಬಗ್ಗಿ ಕಾಲು ನೋಡಿದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಕಣಕಾಲಿನ ಹೊರಬದಿಯಲ್ಲಿ ಅಂಗೈ ಅಗಲದ ಗಾಯ. ಸುತ್ತ ಕಪ್ಪಿಟ್ಟು ಊದಿದ್ದರೂ ಅಂಚು ಮಾತ್ರ ನೀಟು. ಮೇಲೂ ಕೆಳಗೂ ಚೂಪು, ನಡುವೆ ಅಗಲ. ಪುಟ್ಟ ದೋಣಿಯೊಂದನ್ನು ಕೊರೆದಿಟ್ಟ ಹಾಗೆ.

"ಇದೇನೇ ಇದು, ಅಳತೆ ಹಿಡಿದು ಕತ್ತರಿಸಿದಂಗಿದೆ! ಯಾವ ಡಾಕ್ಟ್ರು ಮಾಡಿದ್ದು?"

"ಇವರೇ. ತೊಗಟೆ ಡಾಕ್ಟ್ರು."

ಉದ್ಯಾನದ ಕೆಲಸಗಾರರು ಅವಳ ಗಂಡನಿಗೆ ಇಟ್ಟಿದ್ದ ಹೆಸರು ಅದು. ಗೇಲಿಗೆ ಇಟ್ಟಿದ್ದು, ಹೆಸರಾಗಿ ಉಳಿದಿತ್ತು.

ನಡುಮನೆಯಲ್ಲಿ ಜನ ತುಂಬಿದ್ದರು. ಬಾಗಿಲಲ್ಲಿ ಗಂಡನ ಅಣ್ಣ ನಿಂತಿದ್ದ. ಜೀವಮಾನವೆಲ್ಲ ಬಸ್ಸಿನ ಕಂಡಕ್ಟರಾಗಿ ದುಡಿದು ನಿವೃತ್ತನಾದವನು. ಅತ್ತೂ ಅತ್ತೂ ಕಣ್ಣು ಕೆಂಡವಾಗಿತ್ತು, ಬಾಯಿ ಮಾತ್ರ ಅದರ ಪಾಡಿಗೆ ದುಡಿಯುತ್ತಿತ್ತು. "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ. ಹಿಂದುಗಡೆ ಜಾಗ ಇದೆ."

ಒಬ್ಬೊಬ್ಬರೂ ಬಂದು ಅದನ್ನೇ ಅನ್ನುತ್ತಿದ್ದರು. "ಆನೆಯಂಥ ಮನುಷ್ಯ. ಒಂದು ಮುಳ್ಳು ಚುಚ್ಚಿ ಹೋಗ್ಬಿಟ್ನಲ್ಲ."

"ಒಂದು ಮುಳ್ಳಿಗೆ!"

"ಶುಗರ್ ಇದ್ರೆ ಹಂಗೇ. ಮುಳ್ಳೂ ಸಾಕು."

ಉದ್ಯಾನದ ಸೂಪರ್‌ವೈಸರ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಅವಳದೇ ಲೋಟದಲ್ಲಿ ಟೀ ಹೀರುತ್ತ, "ನಾನು ಎಷ್ಟು ಸಲ ಹೇಳಿದ್ದೆ, ಬೂಟು ಹಾಕ್ಕೊಂಡು ಕೆಲ್ಸ ಮಾಡಪ್ಪಾ ಅಂತ. ಕೇಳಿದ್ರೆ ತಾನೇ," ಅಂದ. ಅವಳಿಗೆ ಆ ಲೋಟ ಕಿತ್ತು ಅವನ ಹಣೆಗೆ ಬಾರಿಸಬೇಕು ಅನ್ನಿಸಿತು. ಮುಳ್ಳು ಅಲ್ಲ ಅನ್ನುವುದು ಈ ಲೋಕದಲ್ಲಿ ಮೂವರಿಗೆ ಗೊತ್ತಿತ್ತು. ಒಬ್ಬ ಇಲ್ಲಿ ಮಲಗಿದ್ದ. ಒಬ್ಬಳು ಕಾಲುಚೀಲ ಹಿಡಿದು ಕೂತಿದ್ದಳು. ಮೂರನೆಯವನು ಹೊರಗೆ, ಗೇಟಿನ ಪಕ್ಕದ ಮರದಡಿ, ಮನೆಗೆ ಬೆನ್ನು ಹಾಕಿ ಕೂತಿದ್ದ. ಅವಳ ಮಗ.

ನಿನ್ನೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನು ಗೋಡೆಗೆ ಹಣೆ ಒತ್ತಿ, "ಅಪ್ಪನ ಜೊತೆಗೇ ನಂದೂ ಮುಗಿಸಿಬಿಡಮ್ಮ," ಅಂದಿದ್ದ. ಮನೆಗೆ ಬಂದವಳು ಅಳುವುದಕ್ಕೂ ಮೊದಲು ಮಾಡಿದ ಕೆಲಸ ಒಂದೇ. ಗಂಡನ ಮಡಿಸುವ ಚಾಕು, ಕೂದಲು ಸೀಳುವಷ್ಟು ಹರಿತದ್ದು, ಅದನ್ನು ಅಕ್ಕಿ ಡಬ್ಬಿಯ ತಳಕ್ಕೆ ಹೂತಿದ್ದಳು.

*

ಮದುವೆಯಾದ ಹೊಸತರಲ್ಲಿ ಗಂಡ ಅವಳನ್ನು ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದ. ಸುತ್ತಾಡಿಸುತ್ತಾನೆ ಅಂದುಕೊಂಡು ಒಳ್ಳೆಯ ಬಟ್ಟೆ ಉಟ್ಟಿದ್ದಳು. ಹೋಗಿ ನೋಡಿದರೆ, ಲಾರಿ ತಾಗಿ ಸಿಪ್ಪೆ ಕಿತ್ತ ಒಂದು ಮರ.

"ಹಿಡ್ಕೋ. ಎರಡೂ ಅಂಗೈ ಊರಿ ಒತ್ತಿ ಹಿಡ್ಕೋ."

"ಏನ್ರೀ ಇದು!"

"ಇದರ ಒಳಗಡೆ ಪಸೆ ಇದೆ ನೋಡು. ಅದು ಆರೋದ್ರೊಳಗೆ ಸಿಪ್ಪೆ ವಾಪಸ್ ಕೂತ್ರೆ ಮರ ಹಿಡ್ಕೊಳ್ಳುತ್ತೆ. ಆರಿದ್ರೆ ಮುಗೀತು, ದೇವರು ಬಂದ್ರೂ ಕೂರಲ್ಲ."

ಅವನು ಹರಿದ ಅಂಚನ್ನು ಚಾಕುವಿನಿಂದ ಸವರಿ, ಸಿಪ್ಪೆಯನ್ನು ಅದರ ಜಾಗಕ್ಕೆ ಕೂರಿಸಿ, ಒದ್ದೆ ಗೋಣಿ ಸುತ್ತಿದ. ಸಂಜೆಯವರೆಗೆ ಅವಳು ಮರವನ್ನು ಅಪ್ಪಿ ನಿಂತಿದ್ದಳು. ಹೋಗಿಬರುವವರು ನಕ್ಕರು. "ನನ್ನ ಬೆನ್ನುನೋವಿಗೆ ಒಂದು ಮಾತ್ರೆ ತರದ ಮಹಾನುಭಾವ ಮರಕ್ಕೆ ಕಂಬಳಿ ಹೊದಿಸ್ತಾನೆ," ಅಂತ ಅವಳು ಆಮೇಲೆ ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು. ಹೇಳುತ್ತ ಹೇಳುತ್ತ ಕೆಲಸ ಕಲಿತೂ ಬಿಟ್ಟಳು.

ಅವನಿಗೆ ಒಂದೇ ಒಂದು ದ್ವೇಷವಿತ್ತು, ಟಾರಿನ ಮೇಲೆ. ಅವನಿಗಿಂತ ಮುಂಚಿನವರು ಮರದ ಗಾಯಕ್ಕೆಲ್ಲ ಟಾರು ಬಳಿಯುತ್ತಿದ್ದರಂತೆ. ಹೊರಗೆ ಕಪ್ಪಗೆ ಮಿರಿಮಿರಿ, ಒಳಗೆ ಕೈ ಹಾಕಿದರೆ ಕೊಳೆತ ಹಿಟ್ಟು. "ಮುಚ್ಚಿ ಕೊಂದ್ರು," ಅನ್ನುತ್ತಿದ್ದ. "ಗಾಯಕ್ಕೆ ಅಂಚು ಚೊಕ್ಕಟ ಮಾಡು. ದೋಣಿ ಥರ ಕೊರಿ. ಗಾಳಿಗೆ ಬಿಡು. ಮರದ ಗಾಯ ವಾಸಿಯಾಗಲ್ಲ ಕಣೇ. ಅದು ಸುತ್ತ ಬೆಳೆದು ಮುಚ್ಕೊಳ್ಳುತ್ತೆ, ಅಷ್ಟೆ. ಒಳಗೆ ಗಾಯ ಹಂಗೇ ಇರುತ್ತೆ, ಸಾಯೋವರೆಗೂ."

ಗೇಟಿನ ಪಕ್ಕದ ಮರವೂ ಅವನು ಹೊತ್ತು ತಂದದ್ದೇ. ಅತ್ತಿ ಜಾತಿಯದು. ಎಳೆಯದಾಗಿದ್ದಾಗ ಕೋಲಿಗೆ ಕಟ್ಟಿದ ತಂತಿಯನ್ನು ಯಾರೂ ಬಿಚ್ಚದೆ, ಅದು ಕಾಂಡದೊಳಗೆ ಇಳಿದು, ಉಳಿಯುವುದಿಲ್ಲ ಅಂತ ಉದ್ಯಾನದವರು ಕಸಕ್ಕೆ ಎಸೆದಿದ್ದರು. ತಳ್ಳುಗಾಡಿಯಲ್ಲಿ ತಂದು ನೆಟ್ಟ. ಈಗ ಮನೆಗಿಂತ ಎತ್ತರ. ಎದೆಯೆತ್ತರದಲ್ಲಿ ಮಾತ್ರ ಆ ತಂತಿಯ ಜಾಗ ಒಂದು ಉಬ್ಬಿದ ಪಟ್ಟಿಯಾಗಿ ಉಳಿದಿತ್ತು.

*

ಅವಳು ಹೊರಗೆ ಬಂದು ಮಗನ ಮುಂದೆ ನಿಂತಳು. ನಿನ್ನೆಯ ಬಟ್ಟೆಯಲ್ಲೇ ಇದ್ದ. ಬೂಟಿಗೆ ಹುಲ್ಲಿನ ಚೂರು ಅಂಟಿತ್ತು.

"ಗಾಡಿ ಬರ್ತಿದೆ. ಎದ್ದು ಮುಖ ತೊಳ್ಕೋ. ಹಲಗೆಯ ಮುಂದಿನ ಹಿಡಿಕೆ ನಿಂದು."

"ನಾನು ಮುಟ್ಟಲ್ಲಮ್ಮ."

"ಮಗ ಹೆಗಲು ಕೊಡದೆ ಇನ್ಯಾರು ಕೊಡ್ತಾರೆ? ಆ ಸೂಪರ್‌ವೈಸರ್ರಾ?"

"ಯಾರಾದ್ರೂ ಕೊಡ್ಲಿ. ನೀವು ಹೋಗಿ ಬನ್ನಿ. ನಾನು ಮನೇಲಿರ್ತೀನಿ."

ಮನೆಯಲ್ಲಿರುತ್ತೇನೆ. ಖಾಲಿ ಮನೆ, ಚಿಲಕ ಹಾಕಿದ ಬಾಗಿಲು, ಒಳಗೆ ಇವನೊಬ್ಬನೇ. ಒಬ್ಬನನ್ನು ಮಣ್ಣಿಗಿಟ್ಟು ಬರುವಷ್ಟರಲ್ಲಿ ಇನ್ನೊಬ್ಬ ಇರುತ್ತಾನೋ ಇಲ್ಲವೋ ಅನ್ನುವ ಲೆಕ್ಕ ಯಾವ ತಾಯಿಗೂ ಬರಬಾರದು.

ಹೆದರಿಕೆಯೇ ಅವಳ ಬಾಯಲ್ಲಿ ಸಿಟ್ಟಾಗಿ ಹೊರಬಿತ್ತು. "ಎಲ್ಲರ ಮುಂದೆ ಕೂಗಿ ಹೇಳ್ಲಾ? ಮುಳ್ಳಲ್ಲ ಅಂತ ಹೇಳ್ಲಾ?"

"ಹೇಳು," ಅಂದ ಮಗ. ತಲೆ ಎತ್ತಲಿಲ್ಲ. "ಯಾರಾದ್ರೂ ಹೇಳ್ಬೇಕು."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅವನ ತಲೆಯನ್ನು ಮಡಿಲಿಗೆ ಎಳೆದುಕೊಳ್ಳಬೇಕು ಅನ್ನಿಸಿತು. ಎರಡನ್ನೂ ಮಾಡಲಾಗದೆ ಒಳಗೆ ಹೋದಳು.

*

ಉದ್ಯಾನಕ್ಕೆ ಹುಲ್ಲು ಕೊಚ್ಚುವ ಮಷಿನ್ನು ಬಂದಾಗ ಅದನ್ನು ಹೆಗಲಿಗೆ ಹಾಕಿಕೊಂಡವನು ಮಗ. ತುದಿಯಲ್ಲಿ ಗಿರಗಿರ ತಿರುಗುವ ಪ್ಲಾಸ್ಟಿಕ್ ದಾರ. ಹುಲ್ಲು ಸಿಕ್ಕರೆ ಹುಲ್ಲು, ಮರದ ಬುಡ ಸಿಕ್ಕರೆ ತೊಗಟೆ. ಅಂದಿನಿಂದ ಊಟಕ್ಕೆ ಕೂತರೆ ಅಪ್ಪ ಮಗನ ಜಗಳ.

"ಬುಡದ ಹತ್ರ ತರಬೇಡ ಅಂದಿದ್ನಲ್ಲ. ಸುತ್ತ ಸಿಪ್ಪೆ ಹೋದ್ರೆ ಮರದ ಕತ್ತು ಕುಯ್ದಂಗೆ."

"ಅಪ್ಪಾ, ಸಂಜೆಯೊಳಗೆ ಇಡೀ ಬಯಲು ಮುಗೀಬೇಕು. ಒಂದೊಂದು ಮರಕ್ಕೂ ನಮಸ್ಕಾರ ಹಾಕ್ಕೊಂಡು ಹೋಗಕ್ಕಾಗುತ್ತಾ?"

"ಹಾಗಾದ್ರೆ ಬುಡದ ಹುಲ್ಲು ನಾನೇ ಕೀಳ್ತೀನಿ. ನೀನು ದೂರ ಇರು."

ಹಾಗೇ ಮಾಡಿದ. ಪ್ರತಿ ಮರದ ಸುತ್ತಲೂ ಮೊಣಕಾಲೂರಿ, ಕೈಯಲ್ಲೇ ಹುಲ್ಲು ಕಿತ್ತು, ತರಗೆಲೆ ಹರಡಿ ಬಳೆಯಂತೆ ಒಂದು ಸುತ್ತು ಮಾಡುತ್ತಿದ್ದ. ಮಗ ಮಷಿನ್ನು ಹಿಡಿದು ಹಿಂದೆ ಬರುತ್ತಿದ್ದ. ಅಷ್ಟರಮಟ್ಟಿಗೆ ರಾಜಿ.

ಆಮೇಲೆ ದಾರ ಮುಗಿಯಿತು. ಕೇಳಿದಾಗಲೆಲ್ಲ ಸೂಪರ್‌ವೈಸರ್, "ಬರುತ್ತೆ, ಅಲ್ಲಿವರೆಗೆ ಏನಾದ್ರೂ ಮಾಡ್ಕೋ, ಬಯಲು ಮಾತ್ರ ಮುಗೀಬೇಕು," ಅಂದ. ಹಳೆಯ ಸೈಕಲ್ಲಿನ ಬ್ರೇಕ್ ತಂತಿ ಕತ್ತರಿಸಿ ದಾರದ ಬದಲು ಸಿಕ್ಕಿಸಿದ ಮಗ. ಹುಲ್ಲು ಬೆಣ್ಣೆಯಂತೆ ಕತ್ತರಿಸಿತು. ಖುಷಿಪಟ್ಟ. ಅವನಪ್ಪ ಮುಂದಿನ ಮರದ ಬುಡದಲ್ಲಿ ಮೊಣಕಾಲೂರಿದ್ದ. ಇವನು ಪಕ್ಕಕ್ಕೆ ಬಂದಾಗ ತಂತಿಯ ಎಳೆ ತುಂಡಾಗಿ ಹಾರಿತು.

ಆ ಸಂಜೆ ಗಂಡನ ಕಣಕಾಲಿನಿಂದ ಆ ತುಂಡನ್ನು ಚಿಮಟದಲ್ಲಿ ಎಳೆದು ತೆಗೆದವಳು ಅವಳೇ. ಮಗ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದ. ಗಂಡ ಹಲ್ಲು ಕಚ್ಚಿ, "ಮುಳ್ಳು," ಅಂದ. "ಯಾರು ಕೇಳಿದ್ರೂ ಮುಳ್ಳು. ತಿಳೀತಾ? ಇವನ ಕೆಲಸ ಹೋಗುತ್ತೆ."

ಮಗ ಮೆಡಿಕಲ್ ಸ್ಟೋರಿಗೆ ಓಡಿ ಮುಲಾಮು, ಬ್ಯಾಂಡೇಜಿನ ಸುರುಳಿಗಳು, ಒಂದು ಚೀಲದ ತುಂಬ ತಂದ. ಗಂಡ ಅದನ್ನು ಹಾಗೇ ಕಪಾಟಿನ ಮೇಲಿಟ್ಟ. ದಿನವೂ ಸ್ಟೂಲಿನ ಮೇಲೆ ಕಾಲು ಚಾಚಿ ಬಿಸಿಲಿಗೆ, ಗಾಳಿಗೆ ಹಿಡಿದ. ಅಂಚು ಕಪ್ಪಾದಾಗ ಮರಕ್ಕೆ ಹಾಕುವ ಅದೇ ಚಾಕುವಿನಿಂದ ತಾನೇ ಸವರಿದ. ಅವಳು ಕಿರುಚಿದಳು, ಕಾಲಿಗೆ ಬಿದ್ದಳು. "ಮುಚ್ಚಿದ್ರೆ ಒಳಗೇ ಕೊಳೆಯುತ್ತೆ ಕಣೇ. ನಂಗೆ ಗೊತ್ತಿಲ್ವಾ?"

"ಅಪ್ಪಾ, ನೀನು ಮರ ಅಲ್ಲಪ್ಪಾ!" ಅಂತ ಮಗ ಒಂದು ದಿನ ಗೋಡೆ ನಡುಗುವಂತೆ ಅರಚಿದ.

ಗಂಡ ನಕ್ಕ. "ಮರ ಆಗಿದ್ರೆ ನಿಂಗೆ ಇನ್ನೂ ಹೆದರಬೇಕಿತ್ತು ಬಿಡೋ."

ತಮಾಷೆಗೇ ಅಂದದ್ದು. ಅವನ ತಮಾಷೆಗಳೆಲ್ಲ ಹಾಗೇ, ಹರಿತ. ಅಂದಿನಿಂದ ಮಗ ಅಪ್ಪನ ಮುಂದೆ ಕೂರಲಿಲ್ಲ. ಕಾಲು ವಾಸನೆ ಹೊಡೆಯತೊಡಗಿ, ಜ್ವರ ಏರಿ, ಪ್ರಜ್ಞೆ ತಪ್ಪಿದ ಮೇಲಷ್ಟೇ ಆಸ್ಪತ್ರೆಗೆ ಹೊರಲು ಬಿಟ್ಟ ಮನುಷ್ಯ. ಅಲ್ಲಿ ಅವರಿಗೆ ಕಾಲು ಕತ್ತರಿಸುವುದಕ್ಕೂ ಸಮಯವಿರಲಿಲ್ಲ.

*

"ಬರ್ಲಿ... ಬರ್ಲಿ... ಬರ್ಲಿ..."

ಬೀದಿ ಇಕ್ಕಟ್ಟು. ಹೆಣ ಸಾಗಿಸುವ ಗಾಡಿ ಹಿಮ್ಮುಖವಾಗಿ ಬರುತ್ತಿತ್ತು. ಕಂಡಕ್ಟರ್ ಭಾವ ಗೇಟಿನ ಬಳಿ ನಿಂತು, ಕಣ್ಣೊರೆಸಿಕೊಳ್ಳುತ್ತ, ಗಾಡಿಯ ಮೈ ತಟ್ಟುತ್ತಿದ್ದ. ಮರ ಹತ್ತಿರವಾಯಿತು. ಅವನ ಕಣ್ಣ ತುಂಬ ನೀರು.

"ರೈಟ್... ರೈಟ್..."

ಧಡ್ ಅಂತ ಸದ್ದಾಯಿತು. ಡ್ರೈವರ್ ಗಾಬರಿಯಾಗಿ ಗಾಡಿಯನ್ನು ಮುಂದಕ್ಕೆ ಒಯ್ದ. ಹಿಂಬದಿಯ ಕಬ್ಬಿಣದ ಕೊಕ್ಕೆ ಮರದ ಸಿಪ್ಪೆಗೆ ಸಿಕ್ಕಿತ್ತು. ಪರ್ರ್ ಅಂತ, ಬಾಳೆಹಣ್ಣು ಸುಲಿದಂತೆ, ಮೊಣಕಾಲಿನಿಂದ ಎದೆಯ ಎತ್ತರದವರೆಗೆ ಮುಕ್ಕಾಲು ಸುತ್ತಿನ ತೊಗಟೆ ಕಿತ್ತು ನೆಲಕ್ಕೆ ಬಿತ್ತು. ಒಳಗಿನ ಮೈ ಬೆಳ್ಳಗೆ, ಪಸೆಯಿಂದ ಹೊಳೆಯಿತು. ಅಂಚಿನಿಂದ ಹಾಲು ಇಳಿಯತೊಡಗಿತು.

"ರೈಟ್ ಅಂದ್ರಲ್ಲ ಸಾರ್!" ಡ್ರೈವರ್ ಕಿಟಕಿಯಿಂದ ಕೂಗಿದ.

"ಹೋಲ್ಡಾನ್ ಅನ್ನಬೇಕಿತ್ತು ಕಣಪ್ಪಾ," ಅಂದ ಭಾವ, ತಲೆ ಹಿಡಿದುಕೊಂಡು. "ಜೀವಮಾನವೆಲ್ಲ ರೈಟ್ ಅಂದಿದೀನಿ. ಬಾಯಿಗೆ ಅದೇ ಬರುತ್ತೆ."

ಬಾಗಿಲಿಗೆ ಓಡಿಬಂದ ಅವಳು ಕಂಡದ್ದು ಇಷ್ಟು: ಮಗ ಎದ್ದು ನಿಂತಿದ್ದ. ನಿನ್ನೆಯಿಂದ ಕಲ್ಲಾಗಿದ್ದವನು ತೊಗಟೆಯನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ ಮರಕ್ಕೆ ಒತ್ತಿ ಹಿಡಿದಿದ್ದ.

"ಅಮ್ಮಾ! ನೀರು!"

ಅವಳು ಬಕೆಟ್ಟು ತಂದಳು. ಸಿಪ್ಪೆಯ ಒಳಮೈಗೆ ಅಂಟಿದ ಮಣ್ಣನ್ನು ಬೆರಳಲ್ಲಿ ಸವರದೆ, ನೀರು ಸುರಿದು ತೊಳೆದಳು. ಆಮೇಲೆ ದಿಟ್ಟಿಸಿ ನೋಡಿ, "ಅಯ್ಯೋ, ತಲೆಕೆಳಗಾಗಿ ಇಟ್ಟಿದೀಯಲ್ಲೋ! ಅಗೋ ಹಳೇ ತಂತಿಯ ಉಬ್ಬು, ಅದು ಮೇಲೆ ಬರಬೇಕು. ತಿರುಗಿಸು," ಅಂದಳು. ಇಬ್ಬರೂ ಸೇರಿ ತಿರುಗಿಸಿದರು.

ಸೂಪರ್‌ವೈಸರ್ ಗಡಿಯಾರ ನೋಡಿಕೊಂಡ. "ಏನಮ್ಮಾ, ಒಂದು ಮರಕ್ಕೋಸ್ಕರ ಹೆಣ ಕಾಯಿಸ್ತೀರಾ? ಸೋಮವಾರ ಯಾರನ್ನಾದ್ರೂ ಕಳಿಸ್ತೀನಿ, ಟಾರು ಬಳೀತಾರೆ."

"ಕಳಿಸಿ ಸಾರ್," ಅಂದಳು ತಿರುಗಿಯೂ ನೋಡದೆ. "ಮಷಿನ್ನಿಗೆ ದಾರ ಕಳಿಸಿದ್ರಲ್ಲ, ಹಂಗೇ ಕಳಿಸಿ."

ಸೂಪರ್‌ವೈಸರ್ ಲೋಟ ಗೇಟಿನ ಕಟ್ಟೆಯ ಮೇಲಿಟ್ಟು ಜನರ ಹಿಂದಕ್ಕೆ ಸರಿದ.

ತೊಗಟೆ ಕೂರುತ್ತಿರಲಿಲ್ಲ. ಹರಿದ ಅಂಚು ನಾರುನಾರಾಗಿ ಅಡ್ಡ ಬರುತ್ತಿತ್ತು. ಬಿಸಿಲು ಏರುತ್ತಿತ್ತು.

"ಅಮ್ಮಾ, ಚಾಕು."

ಅವಳ ಕೈ ನಿಂತುಹೋಯಿತು. "ಅಡಿಗೆ ಚಾಕು ತರ್ತೀನಿ ಇರು."

"ಅದು ಮೊಂಡು. ಅಪ್ಪಂದು ಕೊಡು."

"ಎಲ್ಲಿದೆಯೋ ಏನೋ. ನಂಗೆ ಗೊತ್ತಿಲ್ಲ."

"ನಿಂಗೆ ಗೊತ್ತು." ಮಗ ಮೊದಲ ಬಾರಿಗೆ ಅವಳ ಮುಖ ನೋಡಿದ. ಬಚ್ಚಿಟ್ಟದ್ದೂ ಗೊತ್ತು, ಯಾಕೆ ಅಂತಲೂ ಗೊತ್ತು ಅನ್ನುವುದು ಆ ಕಣ್ಣಲ್ಲಿತ್ತು. "ಒಣಗ್ತಾ ಇದೆಯಮ್ಮ."

ಅಡಿಗೆಮನೆಯಲ್ಲಿ ಡಬ್ಬಿಯ ಮುಂದೆ ಅವಳು ಮೊಣಕೈವರೆಗೆ ಅಕ್ಕಿಯೊಳಗೆ ಕೈ ಇಳಿಸಿ ಕೂತಳು. ಬೆರಳಿಗೆ ಚಾಕು ಸಿಕ್ಕಿತ್ತು. ತೆಗೆಯಲಾಗಲಿಲ್ಲ. ಮರ ಸತ್ತರೆ ಸಾಯಲಿ. ಸುಡುಗಾಡು ಮರ. ಗಂಡನನ್ನು ತಿಂದದ್ದು ಸಾಲದೆ? ಹೊರಗಿನಿಂದ ಮಗನ ದನಿ ಮತ್ತೆ ಬಂತು, "ಅಮ್ಮಾ!" ಚಿಕ್ಕವನಿದ್ದಾಗ ಕತ್ತಲಲ್ಲಿ ಎಚ್ಚರಾಗಿ ಕೂಗುತ್ತಿದ್ದ ಅದೇ ದನಿ.

ಚಾಕು ಕಿತ್ತು ತೆಗೆದಳು. ಅಕ್ಕಿ ನೆಲಕ್ಕೆಲ್ಲ ಚೆಲ್ಲಿತು. ನಡುಮನೆಯಲ್ಲಿ ಗಂಡ ಒಂದು ಕಾಲಿಗೆ ಮಾತ್ರ ಚೀಲ ಹಾಕಿಕೊಂಡು ಮಲಗಿದ್ದ. ಅವನ ತಲೆಯ ಮೇಲಿನ ಕಪಾಟಿನಲ್ಲಿ ಮಗ ತಂದಿದ್ದ ಮೆಡಿಕಲ್ ಸ್ಟೋರಿನ ಚೀಲ, ಬಾಯಿ ಕಟ್ಟಿದ್ದು ಬಿಚ್ಚಿರಲಿಲ್ಲ. ಅದನ್ನೂ ಎಳೆದುಕೊಂಡಳು.

ಹೊರಗೆ ಬಂದು ಹಿಡಿ ಮುಂದೆ ಮಾಡಿ ಚಾಕು ಕೊಟ್ಟಳು. ಗಂಡ ಕಲಿಸಿದ ರೀತಿ. ಮಗ ತೆಗೆದುಕೊಂಡ. ಅವನ ಮಣಿಕಟ್ಟನ್ನೇ ನೋಡುತ್ತ ಅವಳು ತೊಗಟೆಗೆ ಅಂಗೈ ಊರಿ ನಿಂತಳು. ಅವನು ಅಂಚು ಸವರಿದ, ನಾರು ತೆಗೆದ, ಮೇಲೂ ಕೆಳಗೂ ಚೂಪು ಮಾಡಿದ. ಕೆಲಸ ಅಪ್ಪನದೇ. ತೊಗಟೆ ಕೂತಿತು. ಅವನು ಚಾಕು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡ.

ಅವಳು ನೋಡಿದಳು. ಕೇಳುವ ಧೈರ್ಯವಾಗಲಿಲ್ಲ.

ಬ್ಯಾಂಡೇಜಿನ ಸುರುಳಿಗಳನ್ನು ಒಂದೊಂದಾಗಿ ನೀರಿಗೆ ಅದ್ದಿ ಸುತ್ತತೊಡಗಿದಳು. ಅವನು ಹಿಡಿದ, ಅವಳು ಸುತ್ತಿದಳು. ಇಸ್ತ್ರಿ ಅಕ್ಕ ಬಂದು ಬಿಗಿ ಮಾಡಿದಳು. ಕಂಡಕ್ಟರ್ ಭಾವ ಡ್ರೈವರಿನೊಡನೆ ಗಾಡಿಯ ಬಾಗಿಲಿಗೆ ಆತು ಸುಮ್ಮನೆ ನಿಂತಿದ್ದ.

"ಬದುಕುತ್ತಾ?" ಅಂದಳು ಇಸ್ತ್ರಿ ಅಕ್ಕ.

ಮುಕ್ಕಾಲು ಸುತ್ತು ಹೋದ ಮರ. ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಷ್ಟ ಕಣಕ್ಕಾ."

ಕೊನೆಯ ಗಂಟು ಹಾಕುತ್ತ, ಮಗನ ಕಡೆ ನೋಡದೆ, ಮರಕ್ಕೆ ಹೇಳುವವಳಂತೆ ಹೇಳಿದಳು. "ಇದನ್ನ ಹಿಂಗೇ ಬಿಡಂಗಿಲ್ಲ. ಒಂದಷ್ಟು ವಾರ ಬಿಟ್ಟು ಬಿಚ್ಚಲೇಬೇಕು. ಇಲ್ದಿದ್ರೆ ಇದೇ ಕತ್ತಿಗೆ ಉರುಳಾಗುತ್ತೆ. ನಂಗೆ ಬಿಚ್ಚೋಕೆ ಬರಲ್ಲ. ಯಾರು ಬಿಚ್ತಾರೆ?"

ಮಗ ಒಳಗೆ ನಡೆದು, ಹಲಗೆಯ ಮುಂದಿನ ಹಿಡಿಕೆ ಹಿಡಿದ.

*

ಗಾಡಿಯಲ್ಲಿ ಅವಳು ಅವನ ಪಕ್ಕದಲ್ಲೇ ಕೂತಳು. ತಿರುವು ಬಂದಾಗಲೆಲ್ಲ ಅವನ ಜೇಬಿನ ಗಟ್ಟಿ ಅವಳ ತೊಡೆಗೆ ಒತ್ತುತ್ತಿತ್ತು. ದಾರಿಯುದ್ದಕ್ಕೂ ಅವಳು ಗಂಡನ ಬಗ್ಗೆ ಯೋಚಿಸಲಿಲ್ಲ. ಆ ಗಟ್ಟಿಯ ಬಗ್ಗೆಯೇ ಯೋಚಿಸಿದಳು.

ಸ್ಮಶಾನದಲ್ಲಿ ಗುಂಡಿ ತಯಾರಿತ್ತು. ನಾಲ್ವರು ಹೊತ್ತು ನಡೆದರು. ದುಪ್ಪಟಿಯ ಅಂಚಿನಿಂದ ಬರಿಯ ಎಡಗಾಲು ಇಣುಕುತ್ತಿತ್ತು, ಯಾರೂ ಮುಚ್ಚಲಿಲ್ಲ. ಗುಂಡಿಯ ಪಕ್ಕ ಹಲಗೆ ಇಳಿಸಿದರು. ಮೂವರು ಕೈ ತೆಗೆದು ಹಿಂದೆ ಸರಿದರು. ಮಗ ಬಗ್ಗಿದವನು ಬಗ್ಗಿದಂತೆಯೇ ಇದ್ದ.

"ಬಿಡಪ್ಪಾ. ಸಾಕು, ಬಿಡು," ಅಂದ ಕಂಡಕ್ಟರ್ ಭಾವ. "ಸ್ಟಾಪ್ ಬಂತು."

"ಬರ್ತಿಲ್ಲ ದೊಡ್ಡಪ್ಪ."

ಅವಳು ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವನ ಕೈಯಲ್ಲಿ ಮರದ ಹಾಲು ಒಣಗಿ ಗೋಂದಾಗಿತ್ತು. ಮಷಿನ್ನು ಹಿಡಿದು ಹಿಡಿದು ಎದ್ದಿದ್ದ ಬೊಕ್ಕೆಗಳು ಒಡೆದು ಅಂಗೈ ಹಿಡಿಕೆಗೆ ಕಚ್ಚಿಕೊಂಡಿತ್ತು. ಅವಳು ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸಿದಳು.

"ನಿಧಾನ. ಎಳೀಬೇಡ."

"ಅಮ್ಮಾ," ಅಂದ ಮಗ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಜೇಬಲ್ಲಿ ಚಾಕು ಇದೆ. ತಗೊಂಡ್ಬಿಡು. ನನ್ನ ಹತ್ರ ಬೇಡ."

ಅವಳು ಅವನ ಜೇಬಿಗೆ ಕೈ ಹಾಕಿದಳು. "ಎಲ್ಲಿಡ್ಲಿ?"

"ಮೊದಲು ಇಟ್ಟಿದ್ದಲ್ಲೇ ಇಡು. ಮರದ ಕಟ್ಟು ಬಿಚ್ಚೋ ದಿನ ಕೇಳ್ತೀನಿ."

ಹೆಬ್ಬೆರಳು ಕೊನೆಗೆ ಬಿಟ್ಟಿತು. ಅವಳು ಅವನ ಅಂಗೈಯನ್ನು ತನ್ನ ಎರಡೂ ಕೈಯ ನಡುವೆ ಒತ್ತಿ ಹಿಡಿದಳು, ಚಾಕು ಸಮೇತ. ಹಿಡಿಕೆಯ ಮೇಲೆ ಐದು ಬೆರಳಿನ ಬಿಳಿ ಅಚ್ಚು ಉಳಿದಿತ್ತು, ಅದರ ನಡುವೆ ಒಂದು ಚೂರು ಚರ್ಮ, ಇನ್ನೂ ಹಸಿ.